ಬೀಗ ಬಿದ್ದ ಟಾಕೀಸಿನಲ್ಲಿ ಯಾವ ದೆವ್ವ ಹುಡುಕುತ್ತೀರಿ?

ಕನ್ನಡದ ತರುಣರೇ,

ಬೆಂಗಳೂರಿನಲ್ಲಿ ಒಂದು ಟಾಕೀಸಿಗೆ ಬೀಗ ಬಿದ್ದರೆ ಸಾಕು, ಆರು ತಿಂಗಳಲ್ಲಿ ಅಲ್ಲೊಂದು ದೆವ್ವ ಬಂದು ಕೂರುತ್ತದೆ. ಬಾಲ್ಕನಿಯಲ್ಲಿ ಗೆಜ್ಜೆ ಸದ್ದಂತೆ. ಸೆಕೆಂಡ್ ಶೋ ಹೊತ್ತಿಗೆ ರೀಲು ತಾನಾಗಿ ಓಡುತ್ತದಂತೆ. ಗಾಂಧಿ ಕ್ಲಾಸಿನಿಂದ ಯಾರೋ ಸಿಳ್ಳೆ ಹಾಕುತ್ತಾರಂತೆ. ನೀವು ಮೊಬೈಲ್ ಹಿಡಿದು ಕಾಂಪೌಂಡ್ ಹಾರುತ್ತೀರಿ!

ಹಗಲೆಲ್ಲ ಕಾದ ತಗಡಿನ ಸೂರು ರಾತ್ರಿ ತಣಿಯುವಾಗ ಟಕಟಕ ಎನ್ನುತ್ತದೆ. ಸೀಟಿನಡಿ ಹೆಗ್ಗಣ, ಪ್ರೊಜೆಕ್ಟರ್ ಕಿಂಡಿಯಲ್ಲಿ ಪಾರಿವಾಳ, ಪರದೆಯ ಹಿಂದೆ ಬಾವಲಿ. ಸೀಟು, ಪರದೆ ಕಿತ್ತ ಖಾಲಿ ಹಾಲಿನಲ್ಲಿ ನಿಮ್ಮ ಹೆಜ್ಜೆಯ ಸದ್ದೇ ನಿಮ್ಮ ಬೆನ್ನು ಹತ್ತುತ್ತದೆ. ಇಷ್ಟಕ್ಕೇ ಬೆವರುತ್ತೀರಾ? 1990ರ ದಶಕದಲ್ಲಿ ಇದೇ ಊರಿನ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಮಲಗಿದ್ದರು. ಪಾಪ, ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಈ ಊರಿನ ಎಷ್ಟೋ ಅಧಿಕಾರಿಗಳಿಗಿಂತ ಅದೇ ವಾಸಿ.

ನಿಜವಾಗಿ ಮಾಯವಾದದ್ದನ್ನು ಹೇಳುತ್ತೇನೆ, ಕೇಳಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'. ನಮ್ಮಲ್ಲಿ ಸ್ಟುಡಿಯೋ ಇಲ್ಲದೆ ಕೊಲ್ಹಾಪುರದಲ್ಲಿ ತಯಾರಾಗಿ, 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಮೌಂಟ್ ಟಾಕೀಸಿನಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಅದರಲ್ಲಿ ಕನ್ನಡ ಮಾತಾಡಿದರು. ಇಂದು ಆ ಟಾಕೀಸೂ ಇಲ್ಲ, ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ತೆರೆಯ ಮೇಲೆ ಕನ್ನಡ ಆಡಿದ ಮೊದಲ ದನಿಯನ್ನೇ ಕಳೆದುಕೊಂಡವರಿಗೆ ಬಾಲ್ಕನಿಯ ಗೆಜ್ಜೆ ಮಾತ್ರ ಕೇಳಿಸುತ್ತದೆ!

ಮೆಜೆಸ್ಟಿಕ್ ಟಾಕೀಸು ಹೋಗಿ ಎಷ್ಟೋ ಕಾಲವಾಯಿತು. ಕಂಡಕ್ಟರ್ ಮಾತ್ರ ಇಂದಿಗೂ 'ಮೆಜೆಸ್ಟಿಕ್, ಮೆಜೆಸ್ಟಿಕ್' ಎಂದು ಕೂಗುತ್ತಾನೆ. ಸತ್ತಮೇಲೂ ಊರು ಬಿಡದ್ದು ಅದೊಂದೇ.

ಇಲ್ಲ, ಸತ್ತವರ ಕತೆಯೇ ಬೇಕೆನ್ನುತ್ತೀರಾ? 1983ರ ಸೆಪ್ಟೆಂಬರ್ 12ರಂದು ಕಪಾಲಿ ಚಿತ್ರಮಂದಿರದ ಪಕ್ಕದಲ್ಲಿ ಕಟ್ಟುತ್ತಿದ್ದ ಏಳು ಅಂತಸ್ತಿನ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. ಅವರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತೇ? ಮೊರಾರ್ಜಿ ದೇಸಾಯಿ 1968ರಲ್ಲಿ ಉದ್ಘಾಟಿಸಿದ್ದ ಆ ಹಳೆಯ ಕಪಾಲಿಯೂ ಈಗಿಲ್ಲ.

ದೆವ್ವದ ಕತೆಯಿಂದ ಲಾಭ ಯಾರಿಗೆ ಎಂದು ಯೋಚಿಸಿದ್ದೀರಾ? 'ಹಾಳು ಕೊಂಪೆ, ಕೆಡವಿದರೆ ಪೀಡೆ ತೊಲಗಲಿ' ಎಂದು ಜನರೇ ಹೇಳುವಂತಾದರೆ ನಿವೇಶನ ಮಾರುವವನಿಗೆ ಇನ್ನೇನು ಬೇಕು? ಒಬ್ಬನೂ ಅಡ್ಡ ನಿಲ್ಲುವುದಿಲ್ಲ. ಮಾಲ್ ಎದ್ದಮೇಲೆ ನೋಡಿ, ದೆವ್ವವೂ ಗಂಟು ಕಟ್ಟಿಕೊಂಡು ಹೋಗಿರುತ್ತದೆ.

ನಾನು ಪ್ರೆಸ್ ನಡೆಸುವವನು. ಸಿನಿಮಾ ಪೋಸ್ಟರು, ಹ್ಯಾಂಡ್‌ಬಿಲ್ಲು, ಟಿಕೆಟ್ ಪುಸ್ತಕ ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಇತಿಹಾಸ ಅಲ್ಲಿದೆ, ತಕ್ಕಡಿಯ ಮೇಲೆ. ಕಾಂಪೌಂಡ್ ಹಾರುವ ಕಾಲಿದ್ದರೆ ಮೊದಲು ಆ ಅಂಗಡಿಗೆ ಹೋಗಿ. ಪ್ರೊಜೆಕ್ಟರ್ ಓಡಿಸುತ್ತಿದ್ದ ಮುದುಕ ಯಾವ ಗಲ್ಲಿಯಲ್ಲಿದ್ದಾನೆಂದು ವಿಚಾರಿಸಿ, ಅವನೆದುರು ಕೂತು ಆ ಮೊಬೈಲ್ ಆನ್ ಮಾಡಿ.