ಗುರುತಿಲ್ಲದ ಕರೆ: ಎತ್ತಿದವನದೇ ತಪ್ಪೇ?

“ಗುರುತಿಲ್ಲದ ನಂಬರಿನ ಕರೆ ಎತ್ತಬೇಡಿ” ಎಂಬ ಉಪದೇಶ ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಉಪದೇಶ ಒಳ್ಳೆಯದೇ. ಆದರೆ ಅದನ್ನು ಮಾಡುವ ಮಹನೀಯರು ಮಳೆಗಾಲದ ಒಂದು ಆದಿತ್ಯವಾರ ಲೋಣಾವಳಾಕ್ಕೆ ಬಂದು, ನಮ್ಮವರು ದುಡಿಯುವ ಯಾವುದಾದರೊಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಒಂದು ತಾಸು ನಿಲ್ಲಲಿ. ಭುಶಿ ಅಣೆಕಟ್ಟು ನೋಡಲು ಮುಂಬಯಿ, ಪುಣೆಗಳಿಂದ ಹೊರಟ ಜನ ಕೋಣೆ ಇದೆಯೇ, ಊಟ ಇದೆಯೇ ಎಂದು ಕೇಳುವುದು ಯಾವ ನಂಬರಿನಿಂದ? ಅವೆಲ್ಲವೂ ಗುರುತಿಲ್ಲದ ನಂಬರುಗಳೇ! ಎತ್ತದಿದ್ದರೆ ಧನಿಯ ಬೈಗಳು. ಎತ್ತಿದರೆ ಸಾಲ ಬೇಕೇ, ಕಾರ್ಡು ಬೇಕೇ, ನಿಮ್ಮ ಖಾತೆ ಮುಚ್ಚಿಹೋಗುತ್ತದೆ ಎಂಬ ರಗಳೆ.

ಊರಿನಲ್ಲಿ ತಾಯಿಗೆ ಸೌಖ್ಯವಿಲ್ಲದಾಗ ನೆರೆಮನೆಯವರ ಫೋನಿನಿಂದ ಬರುವ ಕರೆಯೂ ಗುರುತಿಲ್ಲದ್ದೇ. 1982ರ ಮುಷ್ಕರದ ಬಳಿಕ ಗಿರಣಿ ಕಳೆದುಕೊಂಡು, ಮ್ಹಾಡಾದ ಮನೆಗಾಗಿ ಕಾದ ನಮ್ಮ ಹಿರಿಯರಿಗೆ “ನಿಮ್ಮ ಮನೆ ಮಂಜೂರಾಗಿದೆ, ಶುಲ್ಕ ಕಟ್ಟಿ” ಎಂಬ ಕರೆ ಬಂದರೆ ಅವರು ಕೆಳಗಿಡುವರೇ? ಬಡವನ ಆಸೆಯೇ ವಂಚಕನ ಬಂಡವಾಳ.

ಹಿಂದೆ ಕಳ್ಳನು ನಮ್ಮ ಟ್ರಂಕಿನ ಬೀಗ ಒಡೆಯಬೇಕಿತ್ತು. ಈಗ ಸಂಬಳವೇ ಫೋನಿನೊಳಗಿದೆ. ಓಟಿಪಿಯ ಕೆಲವು ಅಂಕೆಗಳನ್ನು ನಮ್ಮ ಬಾಯಿಂದಲೇ ಹೇಳಿಸಿದರೆ ಸಾಕು. ಇದು ಯಾರೋ ಪುಂಡನೊಬ್ಬನ ಆಟವೂ ಅಲ್ಲ. ಲೋಣಾವಳಾದಂತೆಯೇ ಘಟ್ಟದ ಊರಾದ ಇಗತ್ಪುರಿಯಲ್ಲಿ, 2025ರ ಆಗಸ್ಟಿನಲ್ಲಿ, ರಿಸಾರ್ಟೊಂದರಲ್ಲಿ ನಡೆಯುತ್ತಿದ್ದ ನಕಲಿ ಕಾಲ್ ಸೆಂಟರಿನ ಮೇಲೆ ಸಿಬಿಐ ದಾಳಿ ಮಾಡಿತು. ಕೋಣೆ, ಪಾಳಿ, ಸಂಬಳ ಎಲ್ಲ ಇರುವ ಉದ್ಯಮವಿದು! ಇಂಥ ಸಂಘಟಿತ ಸುಲಿಗೆಯ ಎದುರು ಒಬ್ಬೊಬ್ಬ ದುಡಿಮೆಗಾರನೂ ಒಂಟಿಯಾಗಿ ಎಚ್ಚರವಾಗಿರಲಿ ಎಂದರೆ ಅದು ನ್ಯಾಯವೇ?

ಕಾನೂನು ಇಲ್ಲವೆಂದಲ್ಲ. 2018ರ ಟ್ರಾಯ್ ನಿಯಮಗಳಿವೆ. 2025ರ ಫೆಬ್ರವರಿಯಲ್ಲಿ ಅವನ್ನು ಬಿಗಿ ಮಾಡಲಾಗಿದೆ. ವ್ಯಾಪಾರದ ಕರೆ 140ರಿಂದ ಮೊದಲಾಗುವ ನಂಬರಿನಿಂದಲೇ ಬರತಕ್ಕದ್ದು. ಸಾಮಾನ್ಯ ಹತ್ತಂಕಿಯ ನಂಬರಿನಿಂದ ಸರಕು ಮಾರುವುದು ನಿಯಮಬಾಹಿರ. ಬೇಡವೆಂದು 1909ಕ್ಕೆ ತಿಳಿಸಿ ನೋಂದಾಯಿಸಬಹುದು. ನೋಂದಣಿಯಿಲ್ಲದ ಮಾರಾಟಗಾರರ ಕರೆಯ ವಿರುದ್ಧ, ನಾವು ಮೊದಲೇ ಹೆಸರು ಕೊಡದಿದ್ದರೂ, 7 ದಿನಗಳೊಳಗೆ ದೂರು ಕೊಡಬಹುದು. ಆದರೆ ಪಾತ್ರೆ ತೊಳೆಯುವ ಹುಡುಗನಿಗೆ ಇದನ್ನು ಯಾರು ತಿಳಿಸಿದರು? ಸಿಮ್ ಮಾರುವಾಗ ಮನೆಬಾಗಿಲಿಗೆ ಬರುವ ಕಂಪನಿಗಳು ಈ ಹಕ್ಕನ್ನು ಹೇಳಲು ಬರುವುದಿಲ್ಲ.

ಹೋಟೆಲ್ ಧನಿಗಳಿಗೂ ನಮ್ಮದೊಂದು ಮಾತಿದೆ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ನೌಕರನ ಸ್ವಂತ ನಂಬರು ಅಚ್ಚು ಹಾಕಿಸಬೇಡಿ. ಹೋಟೆಲಿನ ವ್ಯವಹಾರಕ್ಕೆ ಹೋಟೆಲಿನದೇ ಫೋನು ಇರಲಿ. ಅವನ ಸಂಬಳ ಬೀಳುವ ನಂಬರನ್ನು ಬೀದಿಗಿಟ್ಟು ಲಾಭ ಪಡೆದವರು, ಅವನ ಹಣ ಹೋದಾಗ “ನಿನಗೆ ಬುದ್ಧಿ ಇಲ್ಲವೇ?” ಎನ್ನುವುದು ಸಲ್ಲದು.

ಬಂಧುಗಳೇ, ನಮ್ಮ ಕಡೆಯ ತಪ್ಪನ್ನೂ ಒಪ್ಪೋಣ. ಮೋಸ ಹೋದವನನ್ನು ನಾವೇ ನಗುತ್ತೇವೆ. ಆದುದರಿಂದ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಈ ನಾಚಿಕೆಯೇ ವಂಚಕನಿಗೆ ದೊಡ್ಡ ಸಹಾಯ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು. “ಡಿಜಿಟಲ್ ಅರೆಸ್ಟ್” ಎಂದು ಪೊಲೀಸ್ ವೇಷದವನು ಬೆದರಿಸಿದರೆ ಹೆದರಬೇಡಿ. ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಫೋನು ಇಟ್ಟು, ಪಕ್ಕದ ಜೊತೆಗಾರನನ್ನು ಕರೆಯಿರಿ.

ಪ್ರತಿಯೊಂದು ಹೋಟೆಲಿನಲ್ಲೂ ಓದುಬರಹ ಬಲ್ಲ ಒಬ್ಬನು ರಜೆಯ ದಿನ ಕುಳಿತು ಎಲ್ಲರ ನಂಬರನ್ನೂ 1909ರಲ್ಲಿ ನೋಂದಾಯಿಸಲಿ, ದೂರು ಕೊಡಿಸಲಿ. ಕೂಲಿ ಹೆಚ್ಚಿಸಿಕೊಳ್ಳಲು ಒಗ್ಗಟ್ಟಾಗುವ ನಾವು, ಬಂದ ಕೂಲಿಯನ್ನು ಉಳಿಸಿಕೊಳ್ಳಲೂ ಒಗ್ಗಟ್ಟಾಗಬೇಡವೇ?