ಜಗುಲಿ ಮಾತು: ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?



ಅವರೆಕಾಯಿ ಕಾಲ ಬಂತೆಂದರೆ ನಮ್ಮ ನರಸಾಪುರದ ಕಡೆ ಜಗುಲಿಗಳಿಗೆ ಜೀವ ಬರುತ್ತದೆ. ಒಬ್ಬರ ಮನೆಯ ಕಾಯಿ ಸುಲಿಯಲು ನಾಲ್ಕು ಮನೆಯವರು ಸೇರುತ್ತಾರೆ. ಕೈ ಕಾಯಿಯ ಮೇಲೆ, ಬಾಯಿ ಊರಿನ ಮೇಲೆ! ಮೊನ್ನೆ ಶುಕ್ರವಾರ ಸಂಜೆ ಹಿದುಕಿದ ಬೇಳೆ ಸಾರಿಗೆಂದು ಕಾಯಿ ಸುರುವಿಕೊಂಡು ನಮ್ಮ ಜಗುಲಿಯಲ್ಲಿ ಐದಾರು ಜನ ಕೂತಿದ್ದೆವು. ಎದುರು ಮನೆಯ ಅಕ್ಕ, ನನ್ನ ವಾರಗಿತ್ತಿ, ಹಿಂದಿನ ಬೀದಿಯ ಇಬ್ಬರು, ಜೊತೆಗೆ ನನ್ನ ಮೈದುನನ ಮಗಳು. ಈ ಹುಡುಗಿ ನಮ್ಮೂರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. ಅವತ್ತು ವಾರದ ರಜೆ.

ಅಕ್ಕ ತಮ್ಮ ಹೊಸ ಫೋನನ್ನು ಅವಳ ಕೈಗೆ ಕೊಟ್ಟು, “ಇದರಲ್ಲಿ ಅದ್ಯಾವುದೋ ಪಂಚಾಂಗದ ಆ್ಯಪ್ ಹಾಕಿಕೊಡಮ್ಮ” ಅಂದರು. ಹುಡುಗಿ ಹಾಕಲು ಹೋದಳು, ತಟ್ಟನೆ ನಿಲ್ಲಿಸಿದಳು. “ದೊಡ್ಡಮ್ಮ, ಇದು ನಿಮ್ಮ ಫೋನಿನಲ್ಲಿರೋ ಎಲ್ಲರ ನಂಬರೂ ಕೇಳ್ತಾ ಇದೆ, ಫೋಟೋನೂ ಕೇಳ್ತಾ ಇದೆ. ಏಕಾದಶಿ ಯಾವತ್ತು ಅಂತ ಹೇಳೋದಕ್ಕೆ ನಿಮ್ಮ ಮೊಮ್ಮಗನ ಫೋಟೋ ಯಾಕೆ ಬೇಕು ಅದಕ್ಕೆ?”

“ಕೊಟ್ಟರೆ ಏನಾಗುತ್ತೆ ಬಿಡೆ! ನಮ್ಮಂಥೋರ ಹತ್ತಿರ ಮುಚ್ಚಿಡುವಂಥದ್ದು ಏನಿದೆ?”

ಶುರುವಾಯಿತು ನೋಡಿ ಚರ್ಚೆ.

ನೀವೂ ಈ ಮಾತು ಆಡಿದ್ದೀರಿ, ನಾನೂ ಆಡಿದ್ದೇನೆ. ಕಳ್ಳರಿಗೆ, ಲಂಚಕೋರರಿಗೆ ಗುಟ್ಟು ಇರಬೇಕು, ಒಲೆಯ ಮುಂದೆ ಇರುವ ನಮಗೇಕೆ? ಹುಡುಗಿ ಬಿಡಲಿಲ್ಲ. “ನಾನು ಕೆಲಸ ಮಾಡೋ ಕಡೆ ಒಳಗೆ ಫೋನ್ ತಗೊಂಡು ಹೋಗೋ ಹಾಗಿಲ್ಲ ದೊಡ್ಡಮ್ಮ. ಒಂದು ಫೋಟೋ ತೆಗೆಯೋ ಹಾಗಿಲ್ಲ. ಅವರು ಕಳ್ಳರಾ? ಅವರ ವಿಷಯ ಅವರದು. ನಿಮ್ಮ ವಿಷಯ ನಿಮ್ಮದಲ್ವಾ?” ಅಂದಳು. ಫೋನು ತಯಾರಾಗುವ ಊರು ಈಗ ನಮ್ಮದು. ತೈವಾನಿನ ವಿಸ್ಟ್ರಾನ್ ಕಂಪನಿ ಇಲ್ಲಿ ಐಫೋನ್ ಜೋಡಿಸಲು ಶುರುಮಾಡಿತ್ತು, 2023ರಲ್ಲಿ ಅದನ್ನು ಟಾಟಾದವರು ಕೊಂಡರು. ಲಕ್ಷ ರೂಪಾಯಿಯ ಫೋನು ನಮ್ಮೂರಿಂದ ಹೊರಗೆ ಹೋಗುತ್ತದೆ, ಅದರ ಒಳಗೇನು ನಡೆಯುತ್ತದೆ ಎಂಬುದು ಮಾತ್ರ ನಮಗೆ ತಿಳಿಯದು!

ಅಕ್ಕ ಸೋಲುವವರಲ್ಲ. “ನನ್ನ ವಿಷಯ ಅಂದ್ರೆ ಮೊಣಕಾಲು ನೋವು, ಹಾಲಿನ ಲೆಕ್ಕ. ಯಾರು ಬೇಕಾದರೂ ತಗೊಳ್ಳಲಿ” ಅಂದರು. ಆಗ ನಾನು ಮೆಲ್ಲಗೆ, “ಅಕ್ಕ, ಸಾಸಿವೆ ಡಬ್ಬಿ?” ಅಂದೆ. ಎಲ್ಲರೂ ನಕ್ಕರು. ಸಾಸಿವೆ ಡಬ್ಬಿಯ ತಳದಲ್ಲಿ ನೋಟು ಮಡಿಸಿಡದ ಹೆಂಗಸು ಯಾವ ಊರಲ್ಲಿದ್ದಾಳೆ ಹೇಳಿ! ಅದು ಕದ್ದ ದುಡ್ಡಲ್ಲ. ಮಗಳು ಬಂದಾಗ ಬಳೆ ತೊಡಿಸಲು, ರಾತ್ರಿ ಹೊತ್ತು ಯಾರಿಗಾದರೂ ಜ್ವರ ಬಂದರೆ ಆಟೋಗೆ ಕೊಡಲು. ಆದರೂ ಅದು ಇರುವ ಜಾಗ ಮನೆಯಲ್ಲಿ ಎಲ್ಲರಿಗೂ ಗೊತ್ತಾದ ದಿನ ಅದು ಉಳಿಯುವುದಿಲ್ಲ. ಬಚ್ಚಲಮನೆಗೆ ಚಿಲಕ ಹಾಕುವುದು ಒಳಗೆ ತಪ್ಪು ಮಾಡಲಿಕ್ಕಲ್ಲವಲ್ಲ?

ನಗು ನಿಂತಿತು. ಅಲ್ಲಿದ್ದವರಲ್ಲಿ ಒಬ್ಬರು ಕಾಯಿ ಸುಲಿಯುವುದನ್ನು ಬಿಟ್ಟು ಸುಮ್ಮನೆ ಕೂತಿದ್ದರು. ಯಾರೆಂದು ನಾನು ಬರೆಯುವುದಿಲ್ಲ, ನಾನೇ ಎಂದುಕೊಂಡರೂ ಬೇಸರವಿಲ್ಲ. ಮಗನ ಕಾಲೇಜಿನ ಫೀಸಿಗೆ ಐದು ಸಾವಿರ ಕಡಿಮೆ ಬಿದ್ದಿತ್ತಂತೆ. ಗಂಡನನ್ನು ಕೇಳಲು ಹೆದರಿಕೆ. ಸಂಘದಲ್ಲಿ ಆಗಲೇ ಸಾಲವಿತ್ತು. ಫೋನಿನಲ್ಲಿ “ಐದೇ ನಿಮಿಷದಲ್ಲಿ ಸಾಲ” ಎಂದು ಬಂತು. ಎಲ್ಲದಕ್ಕೂ “ಆಗಲಿ” ಎಂದು ಒತ್ತಿದರು. ಕೈಗೆ ಬಂದದ್ದು ಮೂರು ಸಾವಿರದ ಚಿಲ್ಲರೆ. ಏಳನೇ ದಿನಕ್ಕೆ ಐದು ಸಾವಿರ ಕಟ್ಟಿ ಎಂದರು. ಒಂದು ದಿನ ತಡವಾಯಿತು. ಅಷ್ಟಕ್ಕೆ ಆಕೆಯ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಸಂದೇಶ ಹೋಯಿತು. ಮಾಲೂರಿನ ಬೀಗರಿಗೆ, ಮಗನ ಮೇಷ್ಟ್ರಿಗೆ, ಹಾಲಿನ ಡೇರಿಯವರಿಗೆ! “ಈಕೆ ಮೋಸಗಾತಿ” ಎಂದು. ಜೊತೆಗೆ ಆಕೆಯದೇ ಮುಖ, ಯಾರದೋ ಮೈ ಜೋಡಿಸಿದ ಒಂದು ಚಿತ್ರ.

ಓಲೆ ಮಾರಿ ಕಟ್ಟಿದರಂತೆ. ಕಟ್ಟಿದ ಮೇಲೂ ಕೇಳಿದರಂತೆ. ಎಂಟು ತಿಂಗಳು ಒಬ್ಬರಿಗೂ ಹೇಳಿಲ್ಲ. “ಬಾವಿ ಕಡೆ ಎರಡು ಸಲ ಹೋಗಿ ವಾಪಸ್ಸು ಬಂದಿದೀನಿ” ಅಂದರು. ಅಕ್ಕ ಎದ್ದು ಹೋಗಿ ಅವರ ಪಕ್ಕ ಕೂತರು, ಏನೂ ಮಾತಾಡಲಿಲ್ಲ.

ಗೆಳತಿಯರೇ, ಇಲ್ಲಿ ಕದ್ದದ್ದು ದುಡ್ಡು ಮಾತ್ರ ಎನ್ನುತ್ತೀರಾ? ಹಳೆಯ ಕಾಲದ ಸಾಹುಕಾರ ಬಾಗಿಲಿಗೆ ಬಂದು ಕೂಗಾಡಿದರೆ ಒಂದು ಬೀದಿಗೆ ಕೇಳುತ್ತಿತ್ತು. ಇವನು ಬಳಗಕ್ಕೆಲ್ಲ ಒಂದೇ ಸಲ ಕೂಗಿದ. ಅವನಿಗೆ ಆ ಬಳಗದ ಪಟ್ಟಿ ಕೊಟ್ಟದ್ದು ಆ ಒಂದು “ಆಗಲಿ.” ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಹೇಳಿದೆ, ಸಾಲದ ಆ್ಯಪ್‌ಗಳು ನಮ್ಮ ಫೋನಿನ ನಂಬರುಗಳನ್ನಾಗಲಿ, ಫೋಟೋಗಳನ್ನಾಗಲಿ, ಯಾರಿಗೆ ಕರೆ ಮಾಡಿದ್ದೇವೆಂಬ ಪಟ್ಟಿಯನ್ನಾಗಲಿ ಮುಟ್ಟಬಾರದು ಎಂದು. ಕೇಳಿತೆಂದರೆ ಅದು ನೆಟ್ಟಗಿನದಲ್ಲ ಎಂದು ಅಲ್ಲೇ ತಿಳಿಯಿರಿ. ಬೆದರಿಕೆ ಬಂದರೆ, ಹಣ ಹೋದರೆ 1930 ನಂಬರಿಗೆ ಫೋನು ಮಾಡಿ. ಹೊತ್ತು ಕಳೆದಷ್ಟೂ ಹೋದ ಹಣವನ್ನು ತಡೆಯುವುದು ಕಷ್ಟ. ಅದಕ್ಕೂ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ನಾಚಿಕೆ ಪಡಬೇಕಾದವನು ಅವನು, ನೀವಲ್ಲ.

ಇನ್ನೊಂದು ಮಾತು ನೆನಪಾಯಿತು. ನಮ್ಮ ವಿಷಯ ನಮ್ಮದು ಎಂದು ಇಡೀ ದೇಶಕ್ಕೆ ಕಾನೂನಿನಲ್ಲಿ ಬರೆಸಿಕೊಟ್ಟವರು ನಮ್ಮ ಕೋಲಾರದ ಮಣ್ಣಿನವರು, ಗೊತ್ತೇ? ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 1926ರಲ್ಲಿ ಕೋಲಾರದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿ, ಕರ್ನಾಟಕ ಹೈಕೋರ್ಟಿನಲ್ಲಿ 1977ರಿಂದ 1986ರವರೆಗೆ ನ್ಯಾಯಾಧೀಶರಾಗಿದ್ದವರು. ಬೇರೆಯವರಾದರೆ ಮೊಮ್ಮಕ್ಕಳನ್ನು ಆಡಿಸುತ್ತಾ ಕೂರುವ ವಯಸ್ಸು, 86. ಆ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಸರಿಯಾದ ಕಾನೂನಿಲ್ಲದೆ ಜನರ ಹೆಬ್ಬೆಟ್ಟು, ಕಣ್ಣಿನ ಗುರುತು ಪಡೆಯುವುದು ಹೇಗೆ ಎಂದು ಕೇಳಿದರು. ಖಾಸಗಿತನ ಎಂಬುದು ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರದ ಕಡೆಯಿಂದ ವಾದವಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಹೌದು, ಹಕ್ಕು ಎಂದರು. ಮಾರನೆಯ ವರ್ಷ ಆಧಾರ್ ತೀರ್ಪೂ ಬಂತು. ರೇಷನ್ನಿಗೆ, ಸರ್ಕಾರದ ಸವಲತ್ತಿಗೆ ಆಧಾರ್ ಇರಲಿ, ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಅದೇ ಬೇಕೆಂದು ಕಡ್ಡಾಯ ಮಾಡುವ ಹಾಗಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪನ್ನು ಕಾನೂನು ಓದುವ ಮಕ್ಕಳೆಲ್ಲ ಓದುತ್ತಾರೆ. ಅವರ ಸೀಮೆಯಲ್ಲೇ ಇರುವ ನಾವು ಆಧಾರ್ ಜೆರಾಕ್ಸನ್ನು ಸೀರೆ ಅಂಗಡಿಯ ಲಕ್ಕಿ ಡಿಪ್ಪಿಗೂ ಕೊಟ್ಟು ಬರುತ್ತೇವೆ!

ಕೊಡಲೇಬೇಕಾದಾಗ ಮೊದಲ ಎಂಟು ಅಂಕಿ ಮುಚ್ಚಿರುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ತೆಗೆಯಬಹುದು. ಬೆರಳಿನ ಗುರುತಿಗೆ ಬೀಗ ಹಾಕುವ ಅನುಕೂಲವೂ ಅಲ್ಲೇ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ, ನೋಂದಣಿ ಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತು ಬಳಸಿ ಖಾತೆಯಿಂದ ಹಣ ತೆಗೆದ ದೂರುಗಳು ಬಂದಿದ್ದವು. ಆದರೆ ಬೀಗ ಹಾಕಿ ಮರೆತು ರೇಷನ್ ಅಂಗಡಿಗೆ ಹೋದರೆ ಬೆರಳು ತಗೊಳ್ಳುವುದಿಲ್ಲ, ಅಕ್ಕಿ ಇಲ್ಲದೆ ಬರಬೇಕಾಗುತ್ತದೆ. ಬೀಗ ತೆಗೆದು ಹೋಗಿ. ಮತ್ತೊಂದು, ಗೃಹಲಕ್ಷ್ಮಿಯ ಎರಡು ಸಾವಿರ ನಿಮ್ಮ ಖಾತೆಗೆ ಬರುತ್ತದೆ, ಸರಿ. ಬ್ಯಾಂಕಿನಲ್ಲಿ ಕೊಟ್ಟಿರುವ ಫೋನ್ ನಂಬರು ಯಾರದು? ಗಂಡನದೋ, ಮಗನದೋ? ನಿಮ್ಮ ಫೋನಿದ್ದರೆ ನಿಮ್ಮದೇ ನಂಬರು ಕೊಡಿ. ಜಗಳಕ್ಕಲ್ಲ, ಅದೂ ಒಂದು ಸಾಸಿವೆ ಡಬ್ಬಿ ಅಂತ.

ಕತ್ತಲಾಯಿತು, ದೀಪ ಹಚ್ಚಿ ಬಂದು ಮತ್ತೆ ಕೂತೆವು. ಹುಡುಗಿ ಇನ್ನೂ ಮುಗಿಸಿರಲಿಲ್ಲ. “ಈ ಆ್ಯಪ್ ಒಳಗೆ ಏನು ಮಾಡುತ್ತೆ ಅಂತ ತಿಳಿಯೋದು ಹೇಗೆ, ಹೇಳಿ ನೋಡೋಣ” ಎಂದಳು. ನನಗೆ ಹೊಳೆದದ್ದು ಹುಳಿಪುಡಿ. ಅಂಗಡಿಯ ಪೊಟ್ಟಣದ ಮೇಲೆ ಏನೇನು ಹಾಕಿದೆ ಎಂದು ಅಚ್ಚು ಹಾಕಲೇಬೇಕು, ಎಷ್ಟೆಷ್ಟು ಎಂದು ಮಾತ್ರ ಹೇಳುವುದಿಲ್ಲ. ನಮ್ಮಮ್ಮನ ಹುಳಿಪುಡಿ ಹಾಗಲ್ಲ. ಧನಿಯಾ ಎರಡು ಪಾವು, ಒಣಮೆಣಸಿನಕಾಯಿ ಒಂದು ಪಾವು ಎಂದು ಬಾಯಿಬಿಟ್ಟು ಹೇಳಿಕೊಟ್ಟರು. ನಾನು ಮೆಂತ್ಯ ಕಡಿಮೆ ಮಾಡಿದೆ, ವಾರಗಿತ್ತಿ ಚಕ್ಕೆ ಸೇರಿಸಿದಳು. ಕೇಳಿದವರಿಗೆಲ್ಲ ಹೇಳಿದೆವು. ಯಾರೂ ನಮ್ಮ ಮೇಲೆ ಕೇಸು ಹಾಕಲಿಲ್ಲ! ತಂತ್ರಾಂಶದಲ್ಲೂ ಈ ಎರಡು ಜಾತಿ ಇದೆಯಂತೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬುವರಿಗೆ, ಕಾಗದ ಸಿಕ್ಕಿಹಾಕಿಕೊಳ್ಳುವ ಒಂದು ಮುದ್ರಣ ಯಂತ್ರವನ್ನು ಸರಿಮಾಡಿಕೊಳ್ಳಲು ಅದರ ಪಾಕ, ಅಂದರೆ ಒಳಗಿನ ಬರಹ, ಬೇಕಿತ್ತು. ಕೊಡುವುದಿಲ್ಲ ಎಂದರು. 1983ರಲ್ಲಿ ಅವರು, ಯಾರು ಬೇಕಾದರೂ ಒಳಗೆ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಬರೆಯುತ್ತೇವೆಂದು ಹೊರಟರು. ಇಂಗ್ಲಿಷಿನವರಿಗೆ ಬಿಟ್ಟಿಗೂ ಸ್ವತಂತ್ರಕ್ಕೂ ಒಂದೇ ಪದವಾದ್ದರಿಂದ ಅವರು ಇವತ್ತಿಗೂ ಬಿಡಿಸಿ ಹೇಳಬೇಕಾಗಿದೆ. ನಮಗೆ ಆ ಕಷ್ಟವಿಲ್ಲ. ಸಾಲದ ಆ್ಯಪ್ ಬಿಟ್ಟಿಯಾಗೇ ಬಂದಿತ್ತು, ಸ್ವತಂತ್ರವಾಗಿರಲಿಲ್ಲ.

ಇದು ದೂರದ ಮಾತೇನಲ್ಲ. ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಇಂಥ ಸ್ವತಂತ್ರ ತಂತ್ರಾಂಶದಲ್ಲೇ. ಕೇರಳದ ಶಾಲೆಗಳಲ್ಲಿ ಹಾಗೆ ನಡೆದು ಬಂದಿದೆ. ಈ ಅಂಕಣವನ್ನು ನಾನು ಟೈಪು ಮಾಡುವ ಕೀಲಿಮಣೆಯ ಜೋಡಣೆ ಕಿನ್ನಿಕಂಬಳದ ಕೆ.ಪಿ. ರಾಯರದು. ಕನ್ನಡ ಬರೆಯುವ ಎಷ್ಟೋ ಜನ ಅದನ್ನು ಬಾಡಿಗೆ ಕಟ್ಟದೆ ಬಳಸುತ್ತಿದ್ದೇವೆ.

ಹಾಗೆಂದು ನಾನು ವಾಟ್ಸಾಪ್ ಬಿಟ್ಟೆನೇ? ಇಲ್ಲ, ಸುಳ್ಳೇಕೆ ಹೇಳಲಿ. ಹುಡುಗಿ ಸಿಗ್ನಲ್ ಎಂಬುದನ್ನು ಹಾಕಿಕೊಟ್ಟಿದ್ದಾಳೆ, ಅದರ ಪಾಕ ಬಯಲಾಗಿದೆಯಂತೆ. ಆದರೆ ಅದರಲ್ಲಿ ನನ್ನ ಬಳಗದವರು ಅವಳೊಬ್ಬಳೇ! ವಾಟ್ಸಾಪಿನಲ್ಲೂ ಸಂದೇಶದ ಒಳಗಿನ ಮಾತು ದಾರಿಯಲ್ಲಿ ಯಾರಿಗೂ ಕಾಣುವುದಿಲ್ಲ, ಆದರೆ ನಾನು ಯಾರ ಜೊತೆ, ಎಷ್ಟು ಹೊತ್ತಿಗೆ ಮಾತಾಡಿದೆ ಎಂಬುದು ಕಂಪನಿಗೆ ತಿಳಿಯುತ್ತದೆ ಎನ್ನುತ್ತಾಳೆ. ಬಳಗ ಎಲ್ಲಿದೆಯೋ ನಾವೂ ಅಲ್ಲೇ ಇರಬೇಕಾಗುತ್ತದೆ, ಇದು ನನ್ನ ಪಕ್ಷ. ಅವಳು ಒಪ್ಪಿಲ್ಲ.

ಅಕ್ಕ ಕೊನೆಗೆ ಫೋನನ್ನು ಮತ್ತೆ ಅವಳ ಕೈಗಿಟ್ಟರು. “ಯಾವ್ಯಾವುದಕ್ಕೆ ಏನೇನು ಕೊಟ್ಟಿದೀನೋ ನೋಡಿ ಕಿತ್ತು ಹಾಕಮ್ಮ.” ನೋಡಿದರೆ ಟಾರ್ಚಿನ ಆ್ಯಪ್ ಒಂದು, ಅಕ್ಕ ಎಲ್ಲಿ ಹೋದರೂ ಜಾಗ ಗುರುತು ಹಾಕಿಕೊಳ್ಳುತ್ತಿತ್ತು. “ದೀಪ ಹಿಡಿಯೋನಿಗೆ ನನ್ನ ದಾರಿ ಯಾಕೆ ಬೇಕಂತೆ?” ಎಂದು ಸಿಟ್ಟಾದರು. ಓಲೆ ಮಾರಿದವರು ಅವರಾಗಿಯೇ, “ನನ್ನದೂ ನೋಡಿಕೊಡು” ಎಂದು ಸೆರಗಿನಿಂದ ಫೋನು ತೆಗೆದರು. ಇದನ್ನು ಬರೆಯಲೇ ಎಂದು ನಾನು ಕೇಳಿದಾಗ “ಹೆಸರು ಬೇಡ, ವಿಷಯ ಬರಿ” ಎಂದವರೂ ಅವರೇ.

ಅಕ್ಕನನ್ನೂ ಕೇಳಬೇಕಲ್ಲ, ಸಾಸಿವೆ ಡಬ್ಬಿಯ ವಿಷಯ ಹಾಕಬಹುದೇ ಎಂದು.

“ಬರ್ಕೋ ಬರ್ಕೋ” ಅಂದರು. “ಅವತ್ತು ರಾತ್ರೀನೇ ಡಬ್ಬಿ ಬದಲಾಯಿಸಿದೀನಿ.”