ರೋಬೊ ಸರ್ಜನ್‌ಗೆ ಲೈಸೆನ್ಸ್ ಕೊಡುವವರು ಯಾರು?

ರೋಬೊ ಆಪರೇಷನ್ ಎಂದೊಡನೆ ಯಂತ್ರವೇ ಹೊಟ್ಟೆ ಕೊಯ್ದು ಹೊಲಿಯುತ್ತದೆ ಎಂದುಕೊಂಡವರು ಇನ್ನೂ ಇದ್ದಾರೆ. ಹಾಗೇನಿಲ್ಲ. ಅಮೆರಿಕದಲ್ಲಿ 2000ರಲ್ಲಿ ಅನುಮತಿ ಪಡೆದ, ಈಗ ಬೆಂಗಳೂರಿನ ಆಸ್ಪತ್ರೆಗಳಲ್ಲೂ ಇರುವ ‘ಡಾ ವಿಂಚಿ’ಯನ್ನೇ ನೋಡಿ. ಸರ್ಜನ್ ರೋಗಿಯಿಂದ ಕೆಲವು ಅಡಿ ದೂರದ ಕನ್ಸೋಲ್ ಮುಂದೆ ಕೂರುತ್ತಾರೆ. ಅವರ ಬೆರಳು ಆಡಿದಂತೆ ರೋಗಿಯ ದೇಹದೊಳಗಿನ ಪುಟ್ಟ ಉಪಕರಣ ಆಡುತ್ತದೆ. ಬೆರಳು ನಿಂತರೆ ಅದೂ ನಿಂತಿತು.

ಹಾಗಿದ್ದ ಮೇಲೆ ವರ್ಷಗಟ್ಟಲೆ ಪಳಗಿದ ಕೈಗೆ ಮತ್ತೆ ತರಬೇತಿ ಏಕೆ? ಸ್ಪರ್ಶ ಹೋಗಿಬಿಡುತ್ತದೆ, ಅದಕ್ಕೆ. 2024ರಲ್ಲಿ ಅನುಮತಿ ಸಿಕ್ಕ ಡಾ ವಿಂಚಿ 5 ಎಳೆತವನ್ನು ಒಂದಿಷ್ಟು ಕೈಗೆ ಮುಟ್ಟಿಸುತ್ತದೆ. ಹಿಂದಿನ ಮಾದರಿಗಳಲ್ಲಿ ಆ ಸೌಕರ್ಯ ಇಲ್ಲ. ಗಂಟು ಹಾಕುವಾಗ ದಾರ ಎಷ್ಟು ಬಿಗಿದಿದೆ ಎಂಬುದು ಬೆರಳಿಗೆ ಗೊತ್ತಾಗದು. ಸುತ್ತಲಿನ ಮಾಂಸ ಬಿಳಿಚಿಕೊಳ್ಳುವುದನ್ನು ಕಂಡು ಕಣ್ಣೇ ‘ಸಾಕು’ ಎನ್ನಬೇಕು. ಹೊಸಬರು ದಾರ ತುಂಡರಿಸುವುದು ಇಲ್ಲೇ. ಇದರ ಮೇಲೆ ಕಾಲ್ಕೆಳಗಿನ ಪೆಡಲ್‌ಗಳು: ಒಂದು ಕ್ಯಾಮೆರಾ ಸರಿಸಲು, ಇನ್ನೊಂದು ವಿದ್ಯುತ್ತಿನಿಂದ ಸುಡಲು. ಒಂದರ ಬದಲು ಇನ್ನೊಂದನ್ನು ಒತ್ತಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮೊದಲು ಸಿಮ್ಯುಲೇಟರ್. ತಂತಿಗೆ ತಗಲದಂತೆ ಉಂಗುರ ಸಾಗಿಸುವಂಥ ಅಭ್ಯಾಸಗಳು. ಆಮೇಲೆ ರೋಗಿಯ ಪಕ್ಕ ನಿಂತು ಉಪಕರಣ ಬದಲಿಸಿಕೊಡುವ ಸಹಾಯಕನ ಕೆಲಸ. ಕೊನೆಗೆ ಅನುಭವಿಯೊಬ್ಬರ ಕಣ್ಗಾವಲಿನಲ್ಲಿ ಆಪರೇಷನ್. ಜೋಡಿ ಕನ್ಸೋಲ್ ಇದ್ದ ಕಡೆ ಶಿಷ್ಯ ತಡವರಿಸಿದ ಕ್ಷಣವೇ ಗುರು ನಿಯಂತ್ರಣ ತೆಗೆದುಕೊಳ್ಳಬಹುದು.

ಈ ಕಣ್ಗಾವಲು ಎಲ್ಲಿಯವರೆಗೆ? ತೊಡಕು ಅಲ್ಲಿದೆ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೂತ್ರರೋಗ ತಜ್ಞರೊಬ್ಬರು ಮೇಲ್ವಿಚಾರಣೆಯಲ್ಲಿ ಎರಡೇ ಕೇಸ್ ಮಾಡಿ, ಮೂರನೆಯದಕ್ಕೆ ಒಬ್ಬರೇ ಕೂತರು. ಅದು ಪ್ರಾಸ್ಟೇಟ್ ತೆಗೆಯುವ ಆಪರೇಷನ್. ಆರಂಭದ ಕೇಸ್‌ಗಳಿಗೆ ತೂಕ ಹೆಚ್ಚಿರುವವರನ್ನು ಆರಿಸಬೇಡಿ ಎಂದು ತಯಾರಕರು ಹೇಳಿದ್ದರೂ ಈ ರೋಗಿ ಸ್ಥೂಲಕಾಯರು. ಗುದನಾಳಕ್ಕೆ ಗಾಯವಾಯಿತು, ರೋಬೊ ಬದಿಗಿಟ್ಟು ತೆರೆದ ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕಾಯಿತು. ಡಾಕ್ಟರಿಗೆ ಹೇಳಿದರೆ ಸಾಲದು, ಯಂತ್ರ ಕೊಂಡ ಆಸ್ಪತ್ರೆಗೂ ಅದರ ಅಪಾಯ ತಿಳಿಸುವ ಹೊಣೆ ತಯಾರಕರದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಯಾರು ಯಂತ್ರದ ಮುಂದೆ ಕೂರಬಹುದು ಎಂದು ತೀರ್ಮಾನಿಸುವುದು ಆಸ್ಪತ್ರೆ ತಾನೆ?

ಯಂತ್ರ ಮಾರುವ ಕಂಪನಿ ಅದನ್ನು ಬಳಸಲು ಕಲಿಸುವುದು ಸಹಜ, ಅಗತ್ಯ ಕೂಡ. ಆದರೆ ಅದು ಕೊಡುವ ಸರ್ಟಿಫಿಕೇಟ್ ಗುಂಡಿ, ಪೆಡಲ್ ಗೊತ್ತು ಎನ್ನುವುದಕ್ಕೆ ಸಾಕ್ಷಿಯೇ ಹೊರತು ಪ್ರಾಸ್ಟೇಟ್ ತೆಗೆಯಬಲ್ಲರು ಎನ್ನುವುದಕ್ಕಲ್ಲ. ಎರಡು, ಹತ್ತು ಎಂದು ಕೇಸ್ ಎಣಿಸುವುದೂ ಅಷ್ಟಕ್ಕಷ್ಟೇ. ಒಬ್ಬರಿಗೆ ಐದರಲ್ಲಿ ಬರುವ ಹದ ಇನ್ನೊಬ್ಬರಿಗೆ ಮೂವತ್ತಾದರೂ ಬರದಿರಬಹುದು. ಆಪರೇಷನ್‌ನ ವಿಡಿಯೊ ಹೇಗೂ ದಾಖಲಿಸಬಹುದು. ಹೆಸರು ಮರೆಮಾಚಿ, ಆ ಆಸ್ಪತ್ರೆಗೂ ಕಂಪನಿಗೂ ಸಂಬಂಧವಿಲ್ಲದ ಹಿರಿಯ ಸರ್ಜನ್‌ಗಳಿಂದ ಅದಕ್ಕೆ ಅಂಕ ಹಾಕಿಸಲಿ. ಒಂಟಿಯಾಗಿ ಕೂರುವ ಅನುಮತಿ ಆಮೇಲೆ ಸಿಗಲಿ.